ಬೀಗದಕೈ ಚಿತ್ರದ ಅಂಗಿ

ಬಕೆಟ್ಟಿನಲ್ಲಿ ಒಂದು ಬಟ್ಟೆ ಹೆಚ್ಚಾಗಿತ್ತು.

ಆಯ್ತಪ್ಪ ತಾರಸಿಯ ಮೇಲೆ ಹಗ್ಗಕ್ಕೆ ಬಟ್ಟೆ ಹರವುತ್ತಿದ್ದ. ಎರಡು ಪ್ಯಾಂಟು, ಮೂರು ಅಂಗಿ, ಹೆಂಡತಿಯ ನೈಟಿ, ದಿಂಬಿನ ಚೀಲಗಳು, ಒಂದು ಒಂಟಿ ಕಾಲುಚೀಲ. ಅದರ ಜೋಡಿ ಹೋದ ವರ್ಷವೇ ಸಂಸಾರ ಬಿಟ್ಟು ಹೋಗಿತ್ತು. ಎಲ್ಲ ಮುಗಿಯಿತು ಎಂದುಕೊಂಡು ಬಕೆಟ್ಟನ್ನು ಬೋರಲು ಹಾಕಲು ಹೋದರೆ ತಳದಲ್ಲಿ ಇನ್ನೊಂದು ನೀಲಿ ಮುದ್ದೆ. ಕೊಡವಿ ಹಿಡಿದ. ಅವನದಲ್ಲದ ಅಂಗಿ. ಬೆನ್ನ ತುಂಬ ದೊಡ್ಡದೊಂದು ಬೀಗದಕೈ ಗೊಂಚಲಿನ ಚಿತ್ರ.

ಕೈಯಲ್ಲಿದ್ದ ಕ್ಲಿಪ್ಪು ಕೆಳಗೆ ಬಿತ್ತು. ಬೇರೆ ಯಾವ ದಿನವಾಗಿದ್ದರೂ "ಮಷೀನಿನಲ್ಲಿ ಯಾರದೋ ಉಳಿದುಕೊಂಡಿದೆ, ಪಾಪ" ಎಂದು ಅದನ್ನೂ ಒಣಹಾಕಿ ಸುಮ್ಮನಾಗುತ್ತಿದ್ದ. ಆ ಮೂರು ಮಹಡಿಯ ಕಟ್ಟಡಕ್ಕೆಲ್ಲ ಮೆಟ್ಟಿಲ ಕೆಳಗಿನ ಒಂದೇ ವಾಷಿಂಗ್ ಮಷೀನು. ಒಬ್ಬರ ಬಟ್ಟೆ ಇನ್ನೊಬ್ಬರ ಬಕೆಟ್ಟಿಗೆ ಬರುವುದು ಹೊಸದೇನಲ್ಲ. ಆದರೆ ಇವತ್ತು, ಇವನ ಹಗ್ಗದ ಮೇಲೆ, ಈ ಅಂಗಿ! ತೀರ್ಪು ಕೊಡುವ ದಿನವೇ ನ್ಯಾಯಾಧೀಶರ ಅಂಗಳದಲ್ಲಿ ಕಕ್ಷಿದಾರನ ಹಸು ಕಟ್ಟಿದ ಹಾಗೆ.

ಯಾಕೆಂದು ತಿಳಿಯಬೇಕಾದರೆ ಒಂದಿಷ್ಟು ಹಿಂದಕ್ಕೆ ಹೋಗಬೇಕು.

ಆಯ್ತಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಯಾರು ಏನು ಹೇಳಿದರೂ "ಆಯ್ತು" ಎನ್ನುವ ಬಾಯಿಗೆ ಕಟ್ಟಡದವರು ಕೊಟ್ಟ ಬಿರುದು. ಹೊಟ್ಟೆಪಾಡಿಗೆ ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಕತ್ತರಿಸುತ್ತಿದ್ದ. ಉಳಿದ ಹೊತ್ತಿನಲ್ಲಿ ಗುಬ್ಬಿ ಸಾಕುತ್ತಿದ್ದ. ಗುಬ್ಬಿ ಎಂದರೆ ಹಕ್ಕಿಯಲ್ಲ, ಲಿನಕ್ಸ್. ಲಿನಕ್ಸ್ ಎಂಬುದು ಕಂಪ್ಯೂಟರನ್ನು ನಡೆಸುವ, ಯಾರು ಬೇಕಾದರೂ ಪುಕ್ಕಟೆಯಾಗಿ ತೆಗೆದುಕೊಳ್ಳಬಹುದಾದ ಸಾಮಾನು. ಅದನ್ನು ತಮಗೆ ಬೇಕಾದಂತೆ ಜೋಡಿಸಿ, ಗಂಟು ಕಟ್ಟಿ ಹಂಚುವವರು ಲೋಕದ ತುಂಬ ಇದ್ದಾರೆ. ಈ ಕಟ್ಟಡದ ಮೂವರು ಹನ್ನೊಂದು ವರ್ಷದ ಹಿಂದೆ ಕಟ್ಟಿದ ಗಂಟಿನ ಹೆಸರು ಗುಬ್ಬಿ. ಎಂಥ ಹಳೇ ಕಂಪ್ಯೂಟರಿನಲ್ಲೂ ಗೂಡು ಕಟ್ಟಿಕೊಳ್ಳುತ್ತದೆಂದು ಆ ಹೆಸರು. ಸುತ್ತಲಿನ ನಲವತ್ತೆರಡು ವಾಚನಾಲಯಗಳಲ್ಲಿ ಅದೇ ನಡೆಯುತ್ತಿತ್ತು.

ಈಗ ಜಗಳದ ವಿಷಯ. ಕಂಪ್ಯೂಟರಿನ ಗುಂಡಿ ಒತ್ತಿದ ಕೂಡಲೇ ಒಳಗೆ ಯಾರಾದರೂ ಒಬ್ಬರು ಮೊದಲು ಎದ್ದು ಮಿಕ್ಕವರನ್ನೆಲ್ಲ ಎಬ್ಬಿಸಬೇಕು. ಪರದೆಯನ್ನು, ಪ್ರಿಂಟರನ್ನು, ಇಂಟರ್ನೆಟ್ಟನ್ನು. ಮನೆಯಲ್ಲಿ ಮೊದಲು ಎದ್ದವರು ಒಲೆ ಹಚ್ಚಿ ಉಳಿದವರ ಹೊದಿಕೆ ಎಳೆಯುತ್ತಾರಲ್ಲ, ಹಾಗೆ. ಗುಬ್ಬಿಯಲ್ಲಿ ಮೊದಲಿನಿಂದ ಆ ಕೆಲಸ ಮಾಡುತ್ತಿದ್ದುದು ಒಂದು ಹಳೆಯ ತಂತ್ರಾಂಶ. ಮೂವರೂ ಅದನ್ನು ಅಜ್ಜ ಎನ್ನುತ್ತಿದ್ದರು. ಅಜ್ಜ ಒಬ್ಬೊಬ್ಬರನ್ನೇ ಸಾಲಾಗಿ ಎಬ್ಬಿಸುತ್ತಾನೆ. ಪ್ರಿಂಟರು ಏಳದಿದ್ದರೆ ಅದರ ಬಾಗಿಲಲ್ಲೇ ಕೆಮ್ಮುತ್ತ ನಿಲ್ಲುತ್ತಾನೆ, ಅಲ್ಲಿಯವರೆಗೆ ಮನೆಮಂದಿಯೆಲ್ಲ ಕಾಯಬೇಕು. ಆದರೆ ಅವನ ಬರವಣಿಗೆ ನಿಚ್ಚಳ, ಯಾರು ಬೇಕಾದರೂ ಓದಿ ತಿದ್ದಬಹುದು. ಇತ್ತೀಚೆಗೆ ಬಂದದ್ದು ಸೊಸೆ. ಸೊಸೆ ಒಂದೇ ಕೂಗಿಗೆ ಎಲ್ಲರನ್ನೂ ಒಟ್ಟಿಗೆ ಎಬ್ಬಿಸುತ್ತಾಳೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಮನೆ ಸಜ್ಜು. ಆದರೆ ಬಂದ ಮೂರನೇ ದಿನಕ್ಕೆ ಉಗ್ರಾಣದ ಬೀಗದಕೈ, ದಿನಚರಿ ಪುಸ್ತಕ, ಬೀದಿಬಾಗಿಲ ಕಾವಲು, ಎಲ್ಲ ಅವಳ ಸೊಂಟಕ್ಕೇ ಸೇರುತ್ತದೆ. ಏನೇ ಕೆಟ್ಟರೂ ಅವಳನ್ನೇ ಕೇಳಬೇಕು. ಅದಕ್ಕೇ ಅವಳ ಅಭಿಮಾನಿಗಳ ಗುರುತು ಬೀಗದಕೈ ಗೊಂಚಲು.

ಮುಂದಿನ ಗುಬ್ಬಿಯಲ್ಲಿ ಅಜ್ಜನೋ, ಸೊಸೆಯೋ? ಮೂರನೇ ಮಹಡಿಯ ಗಡಿಯಾರ ರಿಪೇರಿಯವರು ಅಜ್ಜನ ಕಡೆ. ಆಯ್ತಪ್ಪನಿಗೆ ಕಂಪ್ಯೂಟರು ಕಲಿಸಿದ ಹಿರಿಯರು. ಎರಡನೇ ಮಹಡಿಯ ಲೆಕ್ಕದ ಮೇಡಂ ಸೊಸೆಯ ಕಡೆ. ಆಯ್ತಪ್ಪನ ಮಗಳನ್ನು ಗಣಿತದಲ್ಲಿ ದಡ ಮುಟ್ಟಿಸಿದ ಪುಣ್ಯಾತ್ಗಿತ್ತಿ. ಎಂಟು ತಿಂಗಳಿಂದ ಇಬ್ಬರೂ ಹಾವು ಮುಂಗುಸಿ. ನಡುವೆ ಮೊದಲನೇ ಮಹಡಿಯ ಆಯ್ತಪ್ಪ, ಕಾರ್ಯದರ್ಶಿ. ಅವನ ಒಂದು ಚೀಟಿ ಯಾವ ಕಡೆಗೆ ಬೀಳುತ್ತದೋ ಆ ಕಡೆಗೆ ಜಯ. ವಾಚನಾಲಯಗಳಿಗೆ ಕಳಿಸಬೇಕಾದ ಕಾಗದವನ್ನು ಅವನು ಎಂಟು ತಿಂಗಳ ಹಿಂದೆಯೇ ಬರೆದಿಟ್ಟಿದ್ದ. "ಮಾನ್ಯರೇ, ಮುಂದಿನ ಆವೃತ್ತಿಯಲ್ಲಿ ಎಬ್ಬಿಸುವ ಕೆಲಸವನ್ನು" ಎಂಬಲ್ಲಿಗೆ ಬಂದು ಒಂದು ಖಾಲಿ ಜಾಗ. ಆ ಜಾಗ ಹಾಗೇ ಇತ್ತು, ಕಾಗದವೂ ಹಾಗೇ ಇತ್ತು.

ಇವತ್ತು ಸಂಜೆ ಐದಕ್ಕೆ ಚೀಟಿ ಹಾಕಲೇಬೇಕು.

ಅವನಿಗೆ ನಿಜವಾಗಿ ಅಜ್ಜನೂ ಬೇಡ, ಸೊಸೆಯೂ ಬೇಡ. ಬೆಳಗಿನ ಹೊತ್ತು ಬೇಕಾಗಿತ್ತು. ಹನ್ನೊಂದು ವರ್ಷದಿಂದ ಎಬ್ಬಿಸುವ ವಿಭಾಗ ಅವನ ಕೊರಳಿಗೇ ಬಿದ್ದಿತ್ತು. ಆರೂವರೆಗೆ ವಾಚನಾಲಯಗಳು ತೆರೆದವೋ, ಫೋನು ಶುರು. "ಅಜ್ಜ ಪ್ರಿಂಟರ್ ಹತ್ರ ನಿಂತಿದಾನೆ, ಏನ್ ಮಾಡೋದು?" ಹೆಂಡತಿ ಬೆಳಗಿನ ಈಜು ತರಗತಿಗೆ ಇಬ್ಬರ ಹೆಸರನ್ನೂ ಬರೆಸಿದ್ದಳು. ಮೂರು ಸಲ ಮುಂದಕ್ಕೆ ಹೋಗಿತ್ತು. ನಾಳೆ ಆರೂವರೆಗೆ ನಾಲ್ಕನೆಯ ಸಲ.

ಆದರೆ ಗುಬ್ಬಿಯ ನಿಯಮ ಪುಸ್ತಕದಲ್ಲಿ ಐದನೇ ನಿಯಮವೊಂದಿತ್ತು: ಯಾರು ಯಾವುದು ಬೇಕೆಂದು ಚೀಟಿ ಹಾಕಿದರೋ, ಗೆದ್ದರೆ ಅವರೇ ಅದನ್ನು ಸಾಕಬೇಕು. ಹಿಂದೊಬ್ಬ ಚದುರಂಗದ ಆಟ ಸೇರಿಸಲೇಬೇಕೆಂದು ಹಟ ಹಿಡಿದು, ಸೇರಿಸಿದ ಮೇಲೆ ಊರು ಬಿಟ್ಟಿದ್ದ. ಅದರ ದೂರುಗಳನ್ನು ಎರಡು ವರ್ಷ ಹೊತ್ತ ಆಯ್ತಪ್ಪನೇ ಆ ನಿಯಮವನ್ನು ತನ್ನ ಕೈಯಾರೆ ಬರೆದದ್ದು. ಅಜ್ಜ ಗೆದ್ದರೆ ಗಡಿಯಾರದವರು ಸಾಕುತ್ತಾರೆ, ಸೊಸೆ ಗೆದ್ದರೆ ಮೇಡಂ. ಜೊತೆಗೆ ಚೀಟಿ ಹಾಕಿದ ತಪ್ಪಿಗೆ ತಾನೂ ಒಂದು ಕೈ ಹಾಕಬೇಕಾದೀತು, ಆದರೆ ಬೆಳಗಿನ ಫೋನು ತನ್ನದಲ್ಲ. ಇಷ್ಟು ಸುಲಭ. ಒಬ್ಬರ ಮನಸ್ಸು ನೋಯಿಸಿದರಾಯಿತು, ಅಷ್ಟೇ. ಎಂಟು ತಿಂಗಳಿಂದ ಅವನಿಗೆ ಆಗದೆ ಇದ್ದದ್ದೂ ಅಷ್ಟೇ.

"ಅದು ನಿನ್ನ ಹಗ್ಗಕ್ಕೆ ಹೇಗಯ್ಯಾ ಬಂತು?"

ಬೆನ್ನ ಹಿಂದೆ ಗಡಿಯಾರದವರು! ಕುಂಡಕ್ಕೆ ನೀರು ಹಾಕಲು ಚೊಂಬು ಹಿಡಿದು ಬಂದಿದ್ದರು. ಮುಖ ಬಿಳಿಚಿತ್ತು.

"ನನ್ನದಲ್ಲ ಯಜಮಾನರೇ! ಆಣೆಗೂ ನನ್ನದಲ್ಲ!"

"ಹಾಗಾದ್ರೆ ಯಾರದ್ದು?"

"ಗೊತ್ತಿಲ್ಲ. ಮಷೀನಲ್ಲಿ ಸೇರಿಕೊಂಡಿತ್ತು."

"ಗೊತ್ತಿಲ್ವಾ? ನಿಜವಾಗ್ಲೂ ಗೊತ್ತಿಲ್ವಾ?" ಗಡಿಯಾರದವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡವರಂತೆ ಅವನನ್ನು ನೋಡಿದರು. "ಸರಿ ಬಿಡು. ಈ ವಿಷಯ ಯಾರ ಹತ್ರಾನೂ ಬಾಯಿ ಬಿಡ್ಬೇಡ." ಎಂದವರೇ ಕುಂಡಕ್ಕೆ ಹಾಕಬೇಕಾದ ನೀರನ್ನು ಒಣಹಾಕಿದ ಬಟ್ಟೆಯ ಮೇಲೆ ಸುರಿದು ಕೆಳಗಿಳಿದರು.

ಆಯ್ತಪ್ಪ ಅಂಗಿಯನ್ನು ಮುದ್ದೆ ಮಾಡಿ ಕಂಕುಳಲ್ಲಿ ಇರುಕಿಕೊಂಡ. ನಂಬಲಿಲ್ಲ, ಹಿರಿಯರು ನಂಬಲಿಲ್ಲ. ತಾನು ಸೊಸೆಗೆ ಮಾರಿಹೋಗಿದ್ದೇನೆ ಅಂತಲೇ ತಿಳಿದರು. ಅಥವಾ, ಈ ಅಂಗಿಯನ್ನು ಬೇಕೆಂದೇ ಬಕೆಟ್ಟಿಗೆ ಹಾಕಿದವರು ಮೇಡಂ ಇರಬಹುದೇ? ಅವರ ಲೆಕ್ಕ ಯಾವತ್ತೂ ತಪ್ಪಿದ್ದಿಲ್ಲ.

ಕೆಳಗೆ ಬಂದರೆ ಹೆಂಡತಿ ಎರಡು ಈಜುಟೋಪಿಗಳನ್ನು ಮೇಜಿನ ಮೇಲಿಟ್ಟು ನೋಡುತ್ತಿದ್ದಳು. ಒಂದು ಹಳದಿ, ಒಂದು ಕೆಂಪು.

"ರೀ, ಅಂಗಿ ಯಾಕೆ ಒದ್ದೇದೇ ಮಡಚ್ತಿದೀರಿ?"

"ಏನಿಲ್ಲ."

"ಯಾರದ್ದು ಅದು?"

"ಗೊತ್ತಿಲ್ಲ."

"ಯಾರದ್ದೋ ಗೊತ್ತಿಲ್ಲದ ಒದ್ದೆ ಅಂಗೀನ ಊಟದ ಚೀಲಕ್ಕೆ ತುಂಬ್ತಿದೀರಿ. ಏನಿಲ್ಲ ಅಂತೀರಿ." ಅವಳು ಕೆಂಪು ಟೋಪಿಯನ್ನು ಅವನ ಮೂಗಿನ ಮುಂದೆ ಹಿಡಿದಳು. "ನೋಡಿ, ನನಗೆ ಅಂಗಿ ಸಮಾಚಾರ ಬೇಡ. ನಾಳೆ ಆರೂವರೆಗೆ ಈ ಟೋಪಿ ಒಳಗೆ ನಿಮ್ಮ ತಲೆ ಇರ್ಬೇಕು. ಇಲ್ದಿದ್ರೆ ಟೋಪಿ ಯಾರ ತಲೆಗೆ ಹೋಗುತ್ತೋ ನಾನು ಕೇಳಲ್ಲ."

"ಆಯ್ತು" ಎಂದ ಆಯ್ತಪ್ಪ.

ಮೆಟ್ಟಿಲ ಬುಡದಲ್ಲಿ ಟೈಲರಮ್ಮನ ಯಂತ್ರ. ಅಲ್ಲಿ ಹೊಲಿಗೆಗಿಂತ ಸುದ್ದಿ ಹೆಚ್ಚು ಓಡುತ್ತಿತ್ತು. ಬಗ್ಗಿ ದಾಟಲು ನೋಡಿದ.

"ನಿಲ್ಲಪ್ಪಾ. ನಿನ್ನ ಚೀಲ ಯಾಕೆ ಅಳ್ತಿದೆ?"

ಮೂರು ಮಹಡಿಯ ಮೆಟ್ಟಿಲ ಮೇಲೂ ನೀರಿನ ಹನಿ ಸಾಲಾಗಿ ಬಿದ್ದಿತ್ತು. ಕಳ್ಳ ಹೋದ ದಾರಿಗೆ ರಂಗು ಬಳಿದ ಹಾಗೆ. ಅವನು ಬಾಯಿ ತೆರೆಯುವುದರೊಳಗೆ ಟೈಲರಮ್ಮ ಚೀಲಕ್ಕೆ ಕೈ ಹಾಕಿ ಅಂಗಿಯನ್ನು ಎಳೆದು, ಎರಡು ತೋಳೂ ಹಿಡಿದು ಎತ್ತಿದರು. ಅದೇ ಹೊತ್ತಿಗೆ ಮೇಡಂ ಶಾಲೆಗೆಂದು ಇಳಿದು ಬರಬೇಕೇ! ಬೀಗದಕೈ ಗೊಂಚಲು ಅವರ ಮುಖಕ್ಕೇ ನೇರವಾಗಿ.

ಮೇಡಂ ಹಿಗ್ಗುತ್ತಾರೆ ಎಂದುಕೊಂಡರೆ ಅವರ ಕೈಯಿಂದ ಕೊಡೆಯೇ ಜಾರಿತು.

"ಅಯ್ಯೋ! ನೀವು ನಮ್ಮ ಕಡೆಗಾ?"

"ಇಲ್ಲ ಮೇಡಂ... ಅಂದ್ರೆ, ನಿಮ್ಮ ವಿರುದ್ಧವೂ ಅಲ್ಲ..."

"ಅವಸರ ಮಾಡ್ಬೇಡಿ," ಮೇಡಂ ದನಿ ತಗ್ಗಿಸಿದರು. "ಚೆನ್ನಾಗಿ ಯೋಚ್ನೆ ಮಾಡಿ. ಅಜ್ಜನನ್ನ ಪೂರ್ತಿ ತೆಗೆದುಹಾಕೋ ಹಾಗಿಲ್ಲ. ಅವನಲ್ಲೂ ಒಳ್ಳೆ ಗುಣ ಇದೆ. ಹಿರಿತಲೆ. ನಾನು ಹೀಗಂದೆ ಅಂತ ಯಾರಿಗೂ ಹೇಳ್ಬೇಡಿ ಮತ್ತೆ!"

ಅವರು ಹೋದ ಮೇಲೆ ಆಯ್ತಪ್ಪ ಕಂಬದಂತೆ ನಿಂತ. ಎಂಟು ತಿಂಗಳಿಂದ ಅಜ್ಜನನ್ನು ಗೋರಿಗೆ ಕಳಿಸಿಯೇ ತೀರುತ್ತೇನೆ ಎಂದವರು! ಇದು ಪರೀಕ್ಷೆ. ಖಂಡಿತ ಪರೀಕ್ಷೆ. ಅಜ್ಜನ ಬಗ್ಗೆ ಒಂದು ಒಳ್ಳೆ ಮಾತು ಎಸೆದು ತಾನು ಕಚ್ಚುತ್ತೇನೋ ಇಲ್ಲವೋ ಎಂದು ನೋಡುತ್ತಿದ್ದಾರೆ.

"ಟೈಲರಮ್ಮ, ಸಂಜೆವರೆಗೂ ಈ ಅಂಗಿ ಇಲ್ಲೇ ಇರ್ಲಿ. ಯಾರಿಗೂ ಹೇಳ್ಬೇಡಿ."

"ನಾನು ಯಾರಿಗಪ್ಪಾ ಹೇಳ್ಲಿ?" ಎಂದರು ಟೈಲರಮ್ಮ, ಆಗಲೇ ಬೀದಿಯ ಕಡೆ ಕುತ್ತಿಗೆ ಚಾಚುತ್ತ. ಅಂಗಿಯ ತೋಳಿನ ಅಂಚನ್ನು ಬೆರಳಿನಿಂದ ತಿಕ್ಕಿ ನೋಡಿ, ಏನನ್ನೋ ನೆನಪಿಸಿಕೊಳ್ಳುವಂತೆ "ಹೂಂ" ಎಂದರು. ಆಯ್ತಪ್ಪ ಅದನ್ನು ಗಮನಿಸಲಿಲ್ಲ. ಗಮನಿಸಿದ್ದರೆ ಅವನ ದಿನವೇ ಬೇರೆಯಾಗುತ್ತಿತ್ತು.

ಹತ್ತು ಗಂಟೆಗೆ ಅಂಗಡಿಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಬಂದು ಕುಳಿತಿತ್ತು.

"ಏನ್ರೀ," ಕನ್ನಡಕದಂಗಡಿಯ ಮಾಲೀಕ ಕಣ್ಣು ಮಿಟುಕಿಸಿದ, "ಸೊಸೆ ಕಡೆಯವ್ರು ನಿಮಗೆ ಡಜನ್ ಅಂಗಿ ಕೊಟ್ರಂತೆ?"

"ಡಜನ್ನಾ? ಒಂದೇ ಒಂದು! ಅದೂ ನನಗಲ್ಲ!"

"ಒಂದು ಅಂತ ಒಪ್ಕೊಂಡ್ರಲ್ಲ." ಮಾಲೀಕನಿಗೆ ಲಿನಕ್ಸ್ ಎಂದರೆ ಯಾವುದೋ ಕಣ್ಣಿನ ಮುಲಾಮು ಎಂದೇ ಇವತ್ತಿನವರೆಗೂ ನಂಬಿಕೆ; ಆದರೆ ಒಳಸಂಚು ಎಂದರೆ ಅವನಿಗೆ ಪಂಚಪ್ರಾಣ. ದಿನವೆಲ್ಲ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕುಳಿತ.

ಹನ್ನೊಂದಕ್ಕೆ ಬಾಗಿಲ ಗಂಟೆ ಸದ್ದಾಯಿತು. ಗಡಿಯಾರದವರು! ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅಂಗಡಿ ಹತ್ತದವರು ನೇರವಾಗಿ ಪರೀಕ್ಷೆಯ ಕುರ್ಚಿಯಲ್ಲಿ ಕುಳಿತರು. "ಕಣ್ಣು ಮಂಜಾಗಿದೆ ಕಣಯ್ಯಾ. ನೋಡು."

ಆಯ್ತಪ್ಪ ಗೋಡೆಯ ಅಕ್ಷರಗಳನ್ನು ತೋರಿಸಿದ. ಗಡಿಯಾರದವರು ಕೊನೆಯ ಸಾಲನ್ನು, ಅದರ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿದ್ದ ಮುದ್ರಣಾಲಯದ ವಿಳಾಸದ ಸಮೇತ, ಗಡಗಡ ಓದಿದರು.

"ಯಜಮಾನರೇ, ನಿಮ್ಮ ಕಣ್ಣಿಗೇನೂ ಆಗಿಲ್ಲ."

"ಆಗಿಲ್ವಾ? ಸಂತೋಷ. ಅಂದಹಾಗೆ," ಅವರು ಹೋದ ತಿಂಗಳು ಎರಡು ದಿನ ಅಂಗಡಿ ಮುಚ್ಚಿ ಚಿಕಿತ್ಸೆಗೆ ಹೋಗಿ ಬಂದಿದ್ದ ಮಂಡಿಯನ್ನು ಉಜ್ಜಿಕೊಂಡರು, "ಸೊಸೆ ವಿಷಯದಲ್ಲಿ ನಾನು ಸ್ವಲ್ಪ ಖಾರವಾಗಿ ಮಾತಾಡಿದೀನೇನೋ. ಅವಳೂ ಕೆಟ್ಟವಳಲ್ಲ. ಕಾಲಕ್ಕೆ ತಕ್ಕ ಹಾಗೆ ಹೋಗ್ಬೇಕು. ನನ್ನ ಮೋರೆ ನೋಡಿ ನೀನು ಚೀಟಿ ಹಾಕ್ಬೇಡ ಕಂದಾ."

ಕಂದಾ! ಈ ಬಾಯಿಂದ ಕಂದಾ! ಅವರು ಹೊರಗೆ ಹೋಗುತ್ತಲೂ ಆಯ್ತಪ್ಪ ಗೋಡೆಗೊರಗಿದ.

"ನೋಡಿದ್ರಾ?" ಮಾಲೀಕ ಕುರ್ಚಿ ಇನ್ನಷ್ಟು ಹತ್ತಿರ ಎಳೆದ. "ಬೆಳಗ್ಗೆ ಮೇಡಂ ಅಜ್ಜನನ್ನ ಹೊಗಳಿದ್ರು ಅಂದ್ರಿ. ಈಗ ಇವ್ರು ಸೊಸೇನ ಹೊಗಳಿದ್ರು. ಇಬ್ರೂ ನಿಮ್ಮ ಬಾಯಿ ಬಿಡಿಸ್ತಿದಾರೆ. ನೀವು ಯಾವ ಕಡೆ ವಾಲ್ತೀರೋ, ಇನ್ನೊಬ್ರು ಅಲ್ಲೇ ಹಿಡೀತಾರೆ."

ಮನಸ್ಸಿಗೆ ಸಂಶಯ ಹೊಕ್ಕರೆ ಹಗ್ಗವೂ ಹಾವೇ. ಆಮೇಲೆ ಆಯ್ತಪ್ಪನ ಕೈ ಎಲ್ಲೋ, ಕಣ್ಣೆಲ್ಲೋ. ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿದ. ಅದನ್ನು ಹಾಕಿಕೊಂಡ ದಪ್ಪ ಗಿರಾಕಿಯೊಬ್ಬರು ಬಾಗಿಲೆಂದು ತಿಳಿದು ಆಳೆತ್ತರದ ಕನ್ನಡಿಯೊಳಕ್ಕೆ ನಡೆದರು. ಎದುರಿಗೆ ಬಂದವರಿಗೆ "ಸ್ವಲ್ಪ ಜರುಗಿ ಸ್ವಾಮಿ" ಎಂದು ಎರಡು ಸಲ ಹೇಳಿ, ಅವರು ಜರುಗದಿದ್ದಾಗ ಜಗಳಕ್ಕೇ ನಿಂತರು.

ಆ ಗಲಾಟೆಯ ನಡುವೆ ಫೋನು. ಆಯ್ತಪ್ಪನ ಅಕ್ಕ. ನಲವತ್ತೆರಡು ವಾಚನಾಲಯಗಳ ಒಕ್ಕೂಟಕ್ಕೆ ಅವಳೇ ಅಧ್ಯಕ್ಷೆ.

"ಏನೋ ತಮ್ಮಾ, ಕಾಗದ?"

"ಇವತ್ತು ಅಕ್ಕ."

"ಎಂಟು ತಿಂಗಳಿಂದ ಇವತ್ತು ಅಂತಿದೀಯ. ನಿಮ್ಮದು ಅಜ್ಜನೋ ಮುತ್ತಜ್ಜನೋ ನನಗೆ ಬೇಡ. ಆರು ಗಂಟೆ ಒಳಗೆ ಕಾಗದ ಬರ್ಲಿಲ್ಲ ಅಂದ್ರೆ ನಲವತ್ತೆರಡು ಕಡೆನೂ ಗುಬ್ಬಿ ಗೂಡು ಕಿತ್ತು ಬೇರೆ ಏನಾದ್ರೂ ಹಾಕಿಸ್ತೀನಿ. ತಮ್ಮ ಅಂತ ನೋಡಲ್ಲ."

"ಆಯ್ತಕ್ಕ."

ಹನ್ನೊಂದು ವರ್ಷದ ದುಡಿಮೆ ಒಂದು ಕಡೆ, ನಾಳಿನ ಈಜು ಒಂದು ಕಡೆ, ಗುರುಗಳ ಮುಖ ಒಂದು ಕಡೆ, ಮೇಡಂ ಋಣ ಇನ್ನೊಂದು ಕಡೆ. ಬಿಸಿತುಪ್ಪ, ನುಂಗಲಾರ, ಉಗುಳಲಾರ. ಅವನ ಪರದಾಟ ನೋಡಿ ಮಾಲೀಕ ಊಟದ ಡಬ್ಬಿ ಮುಚ್ಚುತ್ತ ಒಂದು ಮಾತು ಎಸೆದ.

"ಎರಡೂ ಇರ್ಲಿ ಅಂತ ಬರೆದುಬಿಡಿ. ನಮ್ಮಲ್ಲಿ ಹತ್ತಿರದ್ದಕ್ಕೂ ದೂರದ್ದಕ್ಕೂ ಒಂದೇ ಕನ್ನಡಕ ಕೊಡಲ್ವಾ?"

ಆಯ್ತಪ್ಪನ ತಲೆಯಲ್ಲಿ ದೀಪ ಹತ್ತಿತು. ಎರಡೂ! ಬೇಕಾದವರು ಅಜ್ಜನನ್ನು ಇಟ್ಟುಕೊಳ್ಳಲಿ, ಬೇಕಾದವರು ಸೊಸೆಯನ್ನು. ಅಜ್ಜನನ್ನು ಬೇಕೆಂದ ಗಡಿಯಾರದವರು ಅಜ್ಜನನ್ನು ಸಾಕುತ್ತಾರೆ, ಸೊಸೆಯನ್ನು ಬೇಕೆಂದ ಮೇಡಂ ಸೊಸೆಯನ್ನು. ಯಾರೂ ಸೋಲಲಿಲ್ಲ, ಯಾರೂ ಮುನಿಸಿಕೊಳ್ಳಲಿಲ್ಲ, ತಾನು ಸೀದಾ ನೀರಿಗೆ! ಇಷ್ಟು ವರ್ಷದಲ್ಲಿ ಮೊದಲ ಸಲ ಅವನಿಗೆ ತನ್ನ ಬುದ್ಧಿಯ ಮೇಲೆ ಗೌರವ ಬಂತು. ಬರುವ ದಾರಿಯಲ್ಲಿ ಈಜುಗನ್ನಡಕವನ್ನೂ ಕೊಂಡ.

ಐದಕ್ಕೆ ಮೇಡಂ ಮನೆಯ ಹಜಾರದಲ್ಲಿ ಮೂವರೂ ಕುಳಿತರು. ಒಬ್ಬರನ್ನೊಬ್ಬರು ನೋಡುವ ನೋಟ ಹೇಗಿತ್ತೆಂದರೆ, ಒಂದೇ ಬೆಂಚಿನಲ್ಲಿ ಮೂವರು ಜೇಬುಗಳ್ಳರು ಕುಳಿತು ತಂತಮ್ಮ ಜೇಬು ಹಿಡಿದುಕೊಂಡ ಹಾಗೆ. ಮೇಡಂ ಚಹಾ ಕೊಟ್ಟರು. ಗಡಿಯಾರದವರು ಮೇಡಂ ಕುಡಿಯುವವರೆಗೂ ಮುಟ್ಟಲಿಲ್ಲ. ಬಾಗಿಲ ಸಂದಿಯಲ್ಲಿ ಟೈಲರಮ್ಮನ ಸೆರಗು ಕಾಣುತ್ತಿತ್ತು.

ಕನ್ನಡಕದ ಖಾಲಿ ಡಬ್ಬಿಯೇ ಮತಪೆಟ್ಟಿಗೆ. ಒಬ್ಬೊಬ್ಬರೇ ಅಡುಗೆಮನೆಗೆ ಹೋಗಿ ಚೀಟಿ ಬರೆದು ಮಡಚಿ ತಂದು ಹಾಕಿದರು. ಗಡಿಯಾರದವರು ಹೋಗಿ ಬರಲು ಅರೆ ನಿಮಿಷವೂ ಹಿಡಿಯಲಿಲ್ಲ. ಮೇಡಂ ಪೆನ್ನನ್ನೇ ಒಯ್ಯಲಿಲ್ಲ. ಒಳಗೊಂದು ಇರಬೇಕು ಎಂದುಕೊಂಡ ಆಯ್ತಪ್ಪ. ತಾನು ಮಾತ್ರ ದುಂಡಗಿನ ಅಕ್ಷರದಲ್ಲಿ "ಎರಡೂ" ಎಂದು ಬರೆದು, ಕೆಳಗೊಂದು ಗೆರೆಯನ್ನೂ ಎಳೆದ.

ಡಬ್ಬಿ ತೆರೆದು ಮೊದಲ ಚೀಟಿ ಬಿಡಿಸಿದ. ಖಾಲಿ. ಹಿಂದೆ ಮುಂದೆ ತಿರುಗಿಸಿದ, ಬೆಳಕಿಗೆ ಹಿಡಿದ. ಖಾಲಿ.

ಎರಡನೆಯದನ್ನು ಬಿಡಿಸಿದ. ಅದೂ ಖಾಲಿ.

ಮೂರನೆಯದು ಅವನದೇ.

ಗಡಿಯಾರದವರು ಮೇಡಂ ಅವರನ್ನು ನೋಡಿದರು, ಮೇಡಂ ಗಡಿಯಾರದವರನ್ನು. ಎಂಟು ತಿಂಗಳಲ್ಲಿ ಮೊದಲ ಸಲ ಇಬ್ಬರ ತುಟಿಯ ಕೊನೆಯೂ ಒಟ್ಟಿಗೆ ಅಲುಗಿತು.

"ನೀವೂನಾ?" ಎಂದರು ಮೇಡಂ.

"ಮತ್ತೆ? ಗೆದ್ರೆ ಸಾಕ್ಬೇಕಲ್ಲಮ್ಮಾ!" ಗಡಿಯಾರದವರು ಉಸಿರು ಬಿಟ್ಟರು. "ಬೆಳಗ್ಗೆ ಆರೂವರೆಗೆ ಫೋನು ಎತ್ತೋ ವಯಸ್ಸಾ ನನ್ನದು? ಮಾತಿಗೆ ಅಂತ ಅಜ್ಜ ಅಜ್ಜ ಅಂದೆ. ಆಮೇಲೆ ನಿಲ್ಲಿಸೋದು ಹೇಗೆ ಅಂತ ಗೊತ್ತಾಗ್ಲಿಲ್ಲ."

"ನನ್ನದೂ ಅದೇ ಪಾಡು. ಇವ್ರು ಆ ಅಂಗಿ ಹಿಡ್ಕೊಂಡು ಬಂದಾಗ, ಅಯ್ಯೋ ನಾನು ಗೆದ್ದುಬಿಡ್ತೀನಿ ಅಂತ ಕೈಕಾಲೇ ಆಡ್ಲಿಲ್ಲ. ನಿಜ ಹೇಳ್ಬೇಕಂದ್ರೆ ನಮ್ಮನೆ ಕಂಪ್ಯೂಟರಲ್ಲಿ ಇವತ್ತಿಗೂ ಅಜ್ಜನೇ ಇರೋದು. ಬದಲಾಯಿಸೋಕೆ ಸೋಮಾರಿತನ."

ಟೈಲರಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಇಸ್ತ್ರಿ ಮಾಡಿದ ನೀಲಿ ಅಂಗಿ ಹಿಡಿದು ಒಳಗೆ ಬಂದರು. "ಗಡಿಯಾರದವ್ರೇ, ತಗೊಳ್ಳಿ ನಿಮ್ಮ ಅಂಗಿ. ಹೋದ ತಿಂಗಳು ತೋಳು ಗಿಡ್ಡ ಮಾಡ್ಕೊಟ್ಟಿದ್ದೆ, ನನ್ನ ಹೊಲಿಗೆ ನನಗೆ ಗೊತ್ತಾಗಲ್ವಾ?"

ಗಡಿಯಾರದವರ ಕಿವಿ ಕೆಂಪಾಯಿತು. "ಮಂಡಿ ಚಿಕಿತ್ಸೆ ಅಂತ ಹೇಳಿ ಸೊಸೆಯವ್ರ ಸಮ್ಮೇಳನಕ್ಕೆ ಹೋಗಿದ್ದೆ. ನನ್ನ ಅಂಗಡಿ ಕಂಪ್ಯೂಟರಿಗೆ ಅವಳನ್ನೇ ಹಾಕ್ಕೊಂಡಿದೀನಿ. ಏನೇ ಹೇಳಿ, ಬೇಗ ಎಬ್ಬಿಸ್ತಾಳೆ."

ಆಯ್ತಪ್ಪ ಇಬ್ಬರ ಮುಖವನ್ನೂ ತಿರುತಿರುಗಿ ನೋಡಿದ. "ಹಾಗಾದ್ರೆ... ನಾನು ಯಾವುದಾದ್ರೂ ಒಂದು ಬರೆದಿದ್ರೆ..."

"ಅದೊಂದನ್ನ ನೀವೊಬ್ರೇ ಸಾಕ್ತಿದ್ರಿ," ಎಂದರು ಮೇಡಂ, ಲೆಕ್ಕ ಬಿಡಿಸುವ ದನಿಯಲ್ಲಿ. "ಏನೂ ಬರೀದೆ ಹಾಕಿದ್ರೆ ಯಾರಿಗೂ ಇಲ್ಲ. ಎರಡೂ ಅಂತ ಬರೆದಿದೀರಿ."

"ಗೆರೆ ಬೇರೆ ಎಳೆದಿದಾನೆ," ಎಂದರು ಗಡಿಯಾರದವರು.

ನಿಯಮ ಪುಸ್ತಕ ಅದಾಗಲೇ ಅವರ ಕೈಯಲ್ಲಿತ್ತು. ಐದನೇ ನಿಯಮವನ್ನು ಇಬ್ಬರೂ ಶಾಲೆಯ ಪದ್ಯದಂತೆ ಒಟ್ಟಿಗೆ ಓದಿದರು. ಎಷ್ಟು ಚೆನ್ನಾಗಿ ಬರೆದಿದ್ದಾನೆ, ಎಲ್ಲೂ ನುಸುಳಲು ಸಂದಿಯಿಲ್ಲ ಎಂದು ಹೊಗಳಿದರು. ಆಮೇಲೆ ಒಂದೇ ಕೆಟಲಿನಿಂದ ಇನ್ನೊಂದು ಲೋಟ ಚಹಾ ಬಗ್ಗಿಸಿಕೊಂಡರು.

ಅಷ್ಟರಲ್ಲಿ ಹೆಂಡತಿ ಬಾಗಿಲಲ್ಲಿ. ಟೈಲರಮ್ಮ ಅವಳ ಕಿವಿಯಲ್ಲಿ ಇಡೀ ಕತೆಯನ್ನು ಮೂರು ವಾಕ್ಯಕ್ಕೆ ಇಳಿಸಿದರು. ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಗಂಡನ ಜೇಬಿನಿಂದ ಇಣುಕುತ್ತಿದ್ದ ಹೊಸ ಈಜುಗನ್ನಡಕವನ್ನು ಮೆಲ್ಲನೆ ಎಳೆದುಕೊಂಡಳು.

"ಈಜು ತರಗತೀಲಿ ಒಂದು ಜಾಗ ಖಾಲಿ ಆಯ್ತು," ಎಂದಳು ಎಲ್ಲರಿಗೂ ಕೇಳುವಂತೆ.

"ನೀರಲ್ಲಿ ನಡೆದ್ರೆ ಮಂಡಿಗೆ ಒಳ್ಳೇದಂತೆ," ಎಂದರು ಗಡಿಯಾರದವರು. "ಬೆಳಗ್ಗೆ ಹೇಗೂ ನನಗೆ ಬಿಡುವು."

ಕೆಂಪು ಟೋಪಿ ಅವರ ತಲೆಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಮೇಡಂ ಇನ್ನೊಂದು ಜಾಗ ಸಿಗುತ್ತದೆಯೇ ಎಂದು ವಿಚಾರಿಸತೊಡಗಿದರು.

ಆಯ್ತಪ್ಪ ಮೂಲೆಯ ಮೇಜಿನಲ್ಲಿ ಕಂಪ್ಯೂಟರು ತೆರೆದ. ಅಜ್ಜ ಪ್ರಿಂಟರಿನ ಬಾಗಿಲಲ್ಲಿ ಒಂದಿಷ್ಟು ಹೊತ್ತು ಕೆಮ್ಮಿ, ಕೊನೆಗೂ ಪರದೆಯನ್ನು ಎಬ್ಬಿಸಿದ. ಎಂಟು ತಿಂಗಳ ಕಾಗದ ಎದುರಿಗೆ ಬಂತು. ಖಾಲಿ ಜಾಗದಲ್ಲಿ "ಅಜ್ಜ ಮತ್ತು ಸೊಸೆ ಇಬ್ಬರೂ ಮಾಡುತ್ತಾರೆ" ಎಂದು ತುಂಬಿದ. ಸಮಯ ಆರಕ್ಕೆ ಮೂರು ನಿಮಿಷ.

"ದೂರು ಕೊಡೋಕೆ ಯಾರನ್ನ ಕೇಳ್ಬೇಕು ಅಂತ ಬರೀರಿ," ಎಂದರು ಮೇಡಂ ಹಿಂದಿನಿಂದ. "ಪಾಪ, ಜನ ಪರದಾಡ್ತಾರೆ."

"ಎಷ್ಟು ಹೊತ್ತಿಗೆ ಅಂತಾನೂ ಬರಿ," ಎಂದಿತು ಕೆಂಪು ಟೋಪಿ.

"ಆಯ್ತು" ಎಂದ ಆಯ್ತಪ್ಪ. ಕಾಗದದ ಕೊನೆಗೆ ತನ್ನ ಫೋನಿನ ನಂಬರು ಹಾಕಿ, ಪಕ್ಕದಲ್ಲಿ "ಬೆಳಿಗ್ಗೆ ಆರೂವರೆಯಿಂದ" ಎಂದು ಸೇರಿಸಿ, ಗುಂಡಿ ಒತ್ತಿದ. ಕಾಗದ ಹೋಯಿತು.